ಒಕ್ಕೂಟ ತೊರೆಯುವ ಪ್ರಶ್ನೆ ಮತ್ತು ಪರವಿಚಾರದ ಮನ್ನಣೆ

ಚುನಾವಣೆಯಲ್ಲಿ ಸೋತ ಪಕ್ಷಕ್ಕೆ ಶಾಸನಸಭೆಯಲ್ಲಿ ಕೆಲವಾದರೂ ಆಸನಗಳು ದೊರೆಯುತ್ತವೆ. ನಾಲ್ಕೈದು ವರ್ಷಗಳ ಅನಂತರ ಮತ್ತೊಂದು ಚುನಾವಣೆ ಬರುತ್ತದೆ ಎಂಬ ಭರವಸೆಯೂ ಇರುತ್ತದೆ. ರಾಜಕೀಯ ಒಕ್ಕೂಟವೊಂದರಲ್ಲಿ ಉಳಿಯಬೇಕೆ, ಅದನ್ನು ತೊರೆಯಬೇಕೆ ಎಂಬ ಪ್ರಶ್ನೆಯನ್ನು ಕುರಿತು ನಡೆಯುವ ಜನಮತಗಣನೆಯಲ್ಲಿ ಸೋತವರಿಗೆ ಇವೆರಡೂ ಇಲ್ಲ. ನೂರರಲ್ಲಿ ನಲವತ್ತೆಂಟು ಜನ ಒಂದು ಕಡೆಗೆ ಮತ ನೀಡಿದ್ದರೂ ಪ್ರಭುತ್ವದ ಲೆಕ್ಕದಲ್ಲಿ ಅವರ ಪಾಲು ಸೊನ್ನೆಯಾಗುತ್ತದೆ. ಮೇಲಾಗಿ ಇಲ್ಲಿ ಚರ್ಚೆಗೆ ಬರುವುದು ತೆರಿಗೆಯೋ ನೀರಾವರಿಯೋ ಅಲ್ಲ; ಒಂದು ಜನಸಮುದಾಯ ತನ್ನನ್ನು ತಾನು ಯಾವ ಹೆಸರಿನಿಂದ ಕರೆದುಕೊಳ್ಳಬೇಕು ಎಂಬುದು. ಆದ್ದರಿಂದ ಎದುರು ಪಕ್ಷದ ವಿಚಾರಕ್ಕೆ ಸಲ್ಲಬೇಕಾದ ಗೌರವದ ಪ್ರಶ್ನೆ ಇಂತಹ ಸಂದರ್ಭಗಳಲ್ಲಿ ಹೆಚ್ಚು ತೀವ್ರವಾಗಿ ಎದುರಾಗುತ್ತದೆ.

ಈ ಗೌರವವನ್ನು ಸೂಚಿಸಲು ಕನ್ನಡದಲ್ಲಿ ಎರಡು ಪದಗಳಿವೆ: ಸೈರಣೆ ಮತ್ತು ಮನ್ನಣೆ. ಪರವಿಚಾರವನ್ನು ಸೈರಿಸಬಲ್ಲ ಶಕ್ತಿಯನ್ನೇ ನಿಜವಾದ ಸಂಪತ್ತೆಂದು ಎಣಿಸಿದ ಕವಿರಾಜಮಾರ್ಗದ ನಿಲುವು ಕನ್ನಡ ಓದುಗರಿಗೆ ಚಿರಪರಿಚಿತವಾದುದು. ಸೈರಣೆ ಸೈರಿಸುವವನ ಮನಸ್ಸಿನ ಗುಣ. ಮನ್ನಣೆಯಾದರೋ ಇನ್ನೊಬ್ಬನಿಗೆ ಸಲ್ಲುವಂಥದು. ಅದು ಹತ್ತು ಜನರೆದುರು ಕಾಣುವ ಹಾಗೆ ನಡೆಯಬೇಕು. ಮರ್ಯಾದೆ ಮತ್ತು ಗುರುತಿಸುವಿಕೆ ಎಂಬ ಎರಡೂ ಅರ್ಥಗಳನ್ನು ಆ ಪದ ಒಟ್ಟಿಗೆ ಹೊತ್ತಿದೆ. ಒಕ್ಕೂಟ ತೊರೆಯುವ ಪ್ರಶ್ನೆಯನ್ನು ಎದುರಿಸಿದ ಕ್ವಿಬೆಕ್, ಸ್ಕಾಟ್ಲೆಂಡ್ ಮತ್ತು ಬ್ರಿಟನ್ನಿನ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಲ್ಲಿ ಪರಸ್ಪರ ಗೌರವ ಉಳಿದದ್ದಾಗಲಿ ಅಳಿದದ್ದಾಗಲಿ ಜನರ ಸೈರಣೆಯ ಪ್ರಮಾಣವನ್ನು ಅವಲಂಬಿಸಿದ್ದಕ್ಕಿಂತ ಹೆಚ್ಚಾಗಿ, ಮತದಾನಕ್ಕೆ ಮೊದಲೇ ಪ್ರಶ್ನೆಯ ನುಡಿಯಲ್ಲಿ, ಒಪ್ಪಂದದ ಷರತ್ತುಗಳಲ್ಲಿ, ಎದುರಾಳಿಗೆ ಇಟ್ಟ ಹೆಸರುಗಳಲ್ಲಿ ಮನ್ನಣೆಗೆ ಎಷ್ಟು ಜಾಗ ಮಾಡಲಾಗಿತ್ತು ಎಂಬುದನ್ನು ಅವಲಂಬಿಸಿತ್ತು ಎಂದು ಹೇಳಬೇಕಾಗುತ್ತದೆ.

ಕೆನಡಾ ದೇಶದಲ್ಲಿ ಫ್ರೆಂಚ್ ಮಾತನಾಡುವವರು ಬಹುಸಂಖ್ಯಾತರಾಗಿರುವ ಪ್ರಾಂತ್ಯ ಕ್ವಿಬೆಕ್. ರೆನೆ ಲೆವೆಕ್ ಅವರ ನೇತೃತ್ವದ ಪಾರ್ಟಿ ಕ್ವಿಬೆಕ್ವಾ 1976ರಲ್ಲಿ ಅಲ್ಲಿ ಅಧಿಕಾರಕ್ಕೆ ಬಂದ ಮೇಲೆ ಜನಮತಗಣನೆಗಾಗಿಯೇ ಒಂದು ಕಾನೂನು ರೂಪುಗೊಂಡಿತು. ಎರಡು ನಿಲುವುಗಳಿಗೂ ಒಂದೊಂದು ಸಮಿತಿ, ಎರಡಕ್ಕೂ ಸಮಾನವಾದ ವೆಚ್ಚದ ಮಿತಿ ಎಂಬುದು ಅದರ ತಿರುಳು. ಒಕ್ಕೂಟ ತೊರೆಯಬಯಸಿದ ಸರಕಾರವೇ ತನ್ನ ವಿರೋಧಿಗಳಿಗೆ ಸಮಪಾಲಿನ ಅಂಗಳ ಬಿಟ್ಟುಕೊಟ್ಟ ಈ ಏರ್ಪಾಡು ಗಮನಾರ್ಹವಾದುದು. 1980ರ ಮೇ 20ರಂದು ನಡೆದ ಮತದಾನದಲ್ಲಿ ಸುಮಾರು ಶೇ. 60ರಷ್ಟು ಜನ ಬೇಡ ಎಂದರು. ಅಂದು ರಾತ್ರಿ ಲೆವೆಕ್ ತಮ್ಮ ಬೆಂಬಲಿಗರ ಎದುರು ನಿಂತು, ಜನ ತಮಗೆ ಹೇಳುತ್ತಿರುವುದು ಮುಂದಿನ ಸಲ ನೋಡೋಣ ಎಂದೇ ತಾವು ತಿಳಿಯುವುದಾಗಿ ಹೇಳಿದರು. ಆಸೆಯನ್ನು ಬಿಡದೆ ಸೋಲನ್ನು ಒಪ್ಪಿಕೊಂಡ ಮಾತು ಅದು.

1995ರ ಅಕ್ಟೋಬರ್ 30ರಂದು ಆ ‘ಮುಂದಿನ ಸಲ’ ಬಂದಿತು. ಆದರೆ ಪ್ರಶ್ನೆಯ ನುಡಿಯಲ್ಲಿಯೇ ತೊಡಕಿತ್ತು. ಕೆನಡಾದ ಮುಂದೆ ಹೊಸ ಆರ್ಥಿಕ ಮತ್ತು ರಾಜಕೀಯ ಪಾಲುಗಾರಿಕೆಯ ಪ್ರಸ್ತಾಪವನ್ನು ವಿಧಿವತ್ತಾಗಿ ಇಟ್ಟ ಅನಂತರ ಕ್ವಿಬೆಕ್ ಸಾರ್ವಭೌಮವಾಗಬೇಕೆಂಬುದಕ್ಕೆ ಒಪ್ಪಿಗೆಯುಂಟೆ ಎಂದು ಕೇಳಿದ ಆ ವಾಕ್ಯ ಒಂದು ಮಸೂದೆಯನ್ನೂ ಜೂನ್ 12ರ ಒಂದು ಒಪ್ಪಂದವನ್ನೂ ಉಲ್ಲೇಖಿಸುತ್ತಿತ್ತು. ಅದರ ಇಂಗ್ಲಿಷ್ ರೂಪದಲ್ಲಿ 43 ಪದಗಳಿದ್ದವು. ಪಾಲುಗಾರಿಕೆ ತಮ್ಮ ಕಾರ್ಯಕ್ರಮದ ನಿಜವಾದ ಅಂಗವೆಂದು ಬೆಂಬಲಿಗರು ವಾದಿಸಿದರು. ಕೆನಡಾದ ಒಳಗೇ ಉಳಿಯುತ್ತೇವೆಂಬ ಭ್ರಮೆಯನ್ನು ಮತದಾರರಲ್ಲಿ ಹುಟ್ಟಿಸುವ ಜಾಣತನವೆಂದು ವಿರೋಧಿಗಳು ಹೇಳಿದರು. ಇವರಲ್ಲಿ ಯಾರ ಮಾತು ಹೆಚ್ಚು ಸರಿ ಎಂಬುದು ಬೇರೆ ವಿಷಯ. ಒಂದು ಪಕ್ಷದ ಶಬ್ದಕೋಶದಿಂದ ಮಾತ್ರ ಕಟ್ಟಿದ ಪ್ರಶ್ನೆಗೆ ಉತ್ತರಿಸುವ ಮೊದಲೇ ಇನ್ನೊಂದು ಪಕ್ಷ ಅರ್ಧ ಸೋತಿರುತ್ತದೆ ಎಂಬ ಭಾವನೆ ಮೂಡಿದ್ದೇ ಇಲ್ಲಿ ಮುಖ್ಯ.

ಮತದಾರರಲ್ಲಿ ಶೇ. 93ಕ್ಕಿಂತ ಹೆಚ್ಚು ಜನ ಮತ ಚಲಾಯಿಸಿದರು. ಬೇಡ ಎಂದವರು ಶೇ. 50.58, ಬೇಕು ಎಂದವರು ಶೇ. 49.42, ಅಂತರ ಸುಮಾರು 54,000 ಮತಗಳು. ಸೋಲಿನ ಆ ರಾತ್ರಿ ಪ್ರಾಂತ್ಯದ ಪ್ರಧಾನಿ ಜಾಕ್ ಪಾರಿಜೊ ತಮ್ಮನ್ನು ಸೋಲಿಸಿದ್ದು ಹಣ ಮತ್ತು ಜನಾಂಗೀಯ ಮತಗಳು ಎಂದರು. ‘ನಾವು’ ಶೇ. 60ರಷ್ಟು ಜನ ಬೇಕು ಎಂದಿದ್ದೇವೆ ಎಂಬ ಮಾತೂ ಅದೇ ಭಾಷಣದಲ್ಲಿ ಬಂದಿತು. ಈ ‘ನಾವು’ ಸ್ವಲ್ಪ ನಿಂತು ನೋಡಬೇಕಾದ ಪದ. ನೆರೆಯ ತೆಲುಗಿನಲ್ಲಿ ಕೇಳುವವರನ್ನೂ ಒಳಗೊಂಡ ‘ಮನಮು’, ಅವರನ್ನು ಹೊರಗಿಟ್ಟ ‘ಮೇಮು’ ಎಂಬ ಭೇದವಿದೆ. ತಮಿಳಿನಲ್ಲಿಯೂ ‘ನಾಮ್’, ‘ನಾಂಗಳ್’ ಎಂಬ ಎರಡು ರೂಪಗಳಿವೆ. ಇಂದಿನ ಕನ್ನಡದ ‘ನಾವು’ ಎಂಬುದರಂತೆಯೇ ಫ್ರೆಂಚಿನ ‘ನು’ ಕೂಡ ಈ ಎರಡನ್ನೂ ಒಂದೇ ರೂಪದಲ್ಲಿ ಅಡಗಿಸಿಕೊಂಡಿದೆ. ಕ್ವಿಬೆಕ್ಕಿನ ಎಲ್ಲ ನಿವಾಸಿಗಳ ಪರವಾಗಿ ತಿಂಗಳುಗಟ್ಟಲೆ ಬಳಕೆಯಾಗಿದ್ದ ‘ನಾವು’ ಫಲಿತಾಂಶದ ರಾತ್ರಿ ಫ್ರೆಂಚ್ ಮಾತೃಭಾಷಿಕರಿಗೆ ಮಾತ್ರ ಸೀಮಿತವಾಗಿ ಕುಗ್ಗಿತು. ವಲಸೆ ಬಂದು ನೆಲೆಸಿದವರು, ಇಂಗ್ಲಿಷ್ ಮಾತನಾಡುವವರು ಒಂದೇ ವಾಕ್ಯದಲ್ಲಿ ಹೊರಗಿನವರಾದರು. ಈ ಮಾತನ್ನು ಸಾರ್ವಭೌಮತೆಯ ಪರವಾಗಿದ್ದವರಲ್ಲಿಯೂ ಅನೇಕರು ಖಂಡಿಸಿದರು. ಮರುದಿನವೇ ಪಾರಿಜೊ ರಾಜೀನಾಮೆಯ ನಿರ್ಧಾರ ಪ್ರಕಟಿಸಿದರು.

ಈ ಕಹಿಯ ಹಿನ್ನೆಲೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 1998ರ ಆಗಸ್ಟ್ 20ರಂದು ನೀಡಿದ ಅಭಿಪ್ರಾಯವನ್ನು ಗಮನಿಸಬೇಕು. ಅದಕ್ಕೆ ಎರಡು ಭಾಗಗಳಿವೆ. ಪ್ರಾಂತ್ಯವೊಂದು ಏಕಪಕ್ಷೀಯವಾಗಿ ಬೇರೆಯಾಗುವ ಹಕ್ಕು ಕೆನಡಾದ ಸಂವಿಧಾನದಲ್ಲಿಯೂ ಇಲ್ಲ, ಅಂತಾರಾಷ್ಟ್ರೀಯ ಕಾನೂನಿನಲ್ಲಿಯೂ ಇಲ್ಲ ಎಂಬುದು ಮೊದಲನೆಯದು. ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ಬೇರೆಯಾಗುವುದೇ ಸರಿ ಎಂದರೆ, ಆ ಇಚ್ಛೆಯನ್ನು ಉಳಿದ ಕೆನಡಾ ಅಲಕ್ಷಿಸುವಂತಿಲ್ಲ, ಸಂಧಾನಕ್ಕೆ ಕೂರಲೇಬೇಕು ಎಂಬುದು ಎರಡನೆಯದು. ಒಕ್ಕೂಟತತ್ವ, ಪ್ರಜಾಪ್ರಭುತ್ವ, ಸಂವಿಧಾನಬದ್ಧತೆ ಮತ್ತು ಕಾನೂನಿನ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ ಎಂಬ ನಾಲ್ಕು ತತ್ವಗಳಲ್ಲಿ ಯಾವುದೊಂದೂ ಮಿಕ್ಕವನ್ನು ನುಂಗಲಾಗದು ಎಂಬ ತರ್ಕ ಇದರ ಆಧಾರ. ಮತದಾನದಲ್ಲಿ ಗೆದ್ದವನಿಗೆ ಸೋತವನೊಡನೆ ಮಾತನಾಡುವ ಹೊಣೆ, ಸೋತವನಿಗೆ ಕೇಳಿಸಿಕೊಳ್ಳುವ ಹೊಣೆ. ಎದುರಾಳಿಯ ವಿಚಾರಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸದ್ಗುಣದ ಪಟ್ಟಿಯಿಂದ ತೆಗೆದು ಕರ್ತವ್ಯದ ಪಟ್ಟಿಗೆ ಸೇರಿಸಿದ ತೀರ್ಪು ಇದು. ಬಹುಮತ ಎಷ್ಟಿದ್ದರೆ ಸ್ಪಷ್ಟ ಎಂಬುದನ್ನು ನ್ಯಾಯಾಲಯ ರಾಜಕಾರಣಿಗಳ ನಿರ್ಣಯಕ್ಕೆ ಬಿಟ್ಟಿತು. 2000ದಲ್ಲಿ ಕೇಂದ್ರ ಸಂಸತ್ತು ಸ್ಪಷ್ಟತೆಯನ್ನು ನಿರ್ಧರಿಸುವ ಅಧಿಕಾರವನ್ನು ತನಗೇ ಇಟ್ಟುಕೊಂಡು ಒಂದು ಕಾನೂನು ಮಾಡಿತು. ಅದೇ ವರ್ಷ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕೆಂದು ಕ್ವಿಬೆಕ್ ಇನ್ನೊಂದು ಕಾನೂನು ಮಾಡಿತು.

ಬಹುಮತದ ಅಳತೆಗೋಲನ್ನು ಕುರಿತ ಈ ಜಗಳಕ್ಕೆ ಸ್ಕಾಟ್ಲೆಂಡಿನಲ್ಲಿ ಹಳೆಯ ಚರಿತ್ರೆಯಿದೆ. 1707ರಲ್ಲಿ ಇಂಗ್ಲೆಂಡಿನೊಡನೆ ಒಂದಾಗಿ ತನ್ನ ಸಂಸತ್ತನ್ನು ಕಳೆದುಕೊಂಡಿದ್ದ ಆ ನಾಡಿನಲ್ಲಿ ಸೀಮಿತ ಅಧಿಕಾರದ ಶಾಸನಸಭೆ ಬೇಕೆ ಎಂಬುದನ್ನು ಕುರಿತು 1979ರ ಮಾರ್ಚ್ 1ರಂದು ಜನಮತಗಣನೆ ನಡೆಯಿತು. ಮತ ನೀಡಿದವರಲ್ಲಿ ಶೇ. 51.6ರಷ್ಟು ಜನ ಬೇಕು ಎಂದರು. ಆದರೆ ಒಟ್ಟು ಮತದಾರರ ಪಟ್ಟಿಯ ಶೇ. 40ರಷ್ಟಾದರೂ ಬೇಕು ಎನ್ನಬೇಕೆಂಬ ಷರತ್ತನ್ನು ಲಂಡನ್ನಿನ ಸಂಸತ್ತು ಮಸೂದೆಯ ಚರ್ಚೆಯ ನಡುವೆ ಸೇರಿಸಿತ್ತು. ಆ ಲೆಕ್ಕದಲ್ಲಿ ಬೇಕು ಎಂದವರು ಶೇ. 32.9 ಮಾತ್ರ; ಶಾಸನಸಭೆ ಬರಲಿಲ್ಲ. ಮನೆಯಲ್ಲಿ ಉಳಿದವರನ್ನು ‘ಬೇಡ’ ಎಂದವರೊಡನೆ ಎಣಿಸಿದ ಆ ಷರತ್ತಿಗೆ ಆಡಳಿತದ ದೃಷ್ಟಿಯಿಂದ ಸಮರ್ಥನೆ ಇದ್ದಿರಬಹುದು. ಎರಡೂ ಕಡೆಯವರು ಕೂಡಿ ಒಪ್ಪಿದ ನಿಯಮವಾಗಿರದ ಕಾರಣ ಅದು ಮೋಸವೆಂಬ ನೆನಪಾಗಿ ಉಳಿಯಿತು. 1997ರ ಸೆಪ್ಟೆಂಬರ್ 11ರಂದು ಅಂತಹ ಷರತ್ತಿಲ್ಲದೆ ನಡೆದ ಮತದಾನದಲ್ಲಿ ಶೇ. 74.3ರಷ್ಟು ಜನ ಬೇಕು ಎಂದ ಮೇಲೆ, 1999ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಸಂಸತ್ತು ಮತ್ತೆ ಕೂಡಿತು.

2011ರಲ್ಲಿ ಆ ಸಂಸತ್ತಿನ 129 ಸ್ಥಾನಗಳಲ್ಲಿ 69ನ್ನು ಗೆದ್ದ ಸ್ಕಾಟಿಷ್ ರಾಷ್ಟ್ರೀಯ ಪಕ್ಷ ಪೂರ್ಣ ಸ್ವಾತಂತ್ರ್ಯದ ಪ್ರಶ್ನೆಯನ್ನು ಎತ್ತಿದಾಗ, 1979ರ ಪಾಠ ಇಬ್ಬರಿಗೂ ನೆನಪಿತ್ತು. 2012ರ ಅಕ್ಟೋಬರ್ 15ರಂದು ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರನ್ ಮತ್ತು ಸ್ಕಾಟ್ಲೆಂಡಿನ ಪ್ರಥಮ ಮಂತ್ರಿ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೋ ಒಪ್ಪಂದಕ್ಕೆ ಸಹಿ ಮಾಡಿದರು. ಜನಮತಗಣನೆಗೆ ಪ್ರಶ್ನಾತೀತವಾದ ಕಾನೂನಿನ ಆಧಾರವಿರಬೇಕು, ಅದನ್ನು ಸ್ಕಾಟಿಷ್ ಸಂಸತ್ತೇ ರೂಪಿಸಬೇಕು, ಎಲ್ಲರೂ ಗೌರವಿಸುವಂತಹ ಫಲಿತಾಂಶ ಅದರಿಂದ ಬರಬೇಕು ಎಂಬುದು ಅದರ ಆಶಯ. ಫಲಿತಾಂಶ ಏನೇ ಆದರೂ ಎರಡು ಸರಕಾರಗಳೂ ಎರಡೂ ಕಡೆಯ ಜನರ ಹಿತಕ್ಕಾಗಿ ಕೂಡಿ ಕೆಲಸ ಮಾಡಬೇಕೆಂಬ ಮಾತೂ ಅದರಲ್ಲಿತ್ತು. ಯಾರು ಗೆಲ್ಲುತ್ತಾರೆಂದು ತಿಳಿಯುವ ಮೊದಲೇ ಕೊಟ್ಟ ಮಾತಾದ್ದರಿಂದ ಅದಕ್ಕೆ ಬೆಲೆ ಬಂದಿತು.

ಪ್ರಶ್ನೆಯ ನುಡಿಯ ವಿಷಯದಲ್ಲಿ ನಡೆದ ಪರಿಶೀಲನೆಯಂತೂ ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದುದು. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ ಎಂದು ಕೇಳಬೇಕೆಂಬುದು ಸಾಲ್ಮಂಡ್ ಸರಕಾರದ ಮೂಲ ಪ್ರಸ್ತಾಪ. ಅದನ್ನು ಮತದಾರರ ನಡುವೆ ಪರೀಕ್ಷಿಸಿ ನೋಡಿದ ಚುನಾವಣಾ ಆಯೋಗ 2013ರ ಜನವರಿಯಲ್ಲಿ ‘ಒಪ್ಪುತ್ತೀರಾ’ ಎಂಬ ರೂಪಕ್ಕೆ ಆಕ್ಷೇಪವೆತ್ತಿತು. ಒಪ್ಪುತ್ತೀರಾ ಎಂದು ಕೇಳಿದಾಗ ಹೌದು ಎನ್ನುವುದು ಸೌಜನ್ಯದಂತೆಯೂ ಇಲ್ಲ ಎನ್ನುವುದು ಜಗಳದಂತೆಯೂ ತೋರುತ್ತದೆ. ಊಟಕ್ಕೆ ಬರುತ್ತೀರಲ್ಲವೆ ಎಂದು ಕೇಳಿದ ಹಾಗೆ, ಉತ್ತರ ಪ್ರಶ್ನೆಯ ಒಡಲಲ್ಲೇ ಅಡಗಿರುತ್ತದೆ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ ಎಂದಷ್ಟೇ ಕೇಳಬೇಕೆಂದು ಆಯೋಗ ಸೂಚಿಸಿತು. ಸರಕಾರ ಅದನ್ನು ಒಪ್ಪಿಕೊಂಡಿತು. ಒಂದು ಕ್ರಿಯಾಪದವನ್ನು ಬಿಟ್ಟುಕೊಟ್ಟು ಅದು ಗಳಿಸಿದ ಲಾಭ ದೊಡ್ಡದು: ಪ್ರಶ್ನೆಯೇ ಪಕ್ಷಪಾತಿ ಎಂಬ ದೂರು ಅನಂತರ ಬಲ ಪಡೆಯಲಿಲ್ಲ.

ಆದರೆ ಈ ಸರಳತೆಗೂ ಒಂದು ಬೆಲೆಯಿತ್ತು. ಒಕ್ಕೂಟದಲ್ಲಿ ಉಳಿದೇ ಬಹುಪಾಲು ಅಧಿಕಾರವನ್ನು ಎಡಿನ್‌ಬರೋಗೆ ತರಬೇಕೆಂಬ ಮೂರನೆಯ ನಿಲುವಿಗೆ ನಾಡಿನಲ್ಲಿ ಗಣನೀಯ ಬೆಂಬಲವಿತ್ತು. ಮತಪತ್ರದಲ್ಲಿ ಅದಕ್ಕೆ ಜಾಗ ಕೊಡಲು ಕ್ಯಾಮರನ್ ಒಪ್ಪಲಿಲ್ಲ. ಹೀಗಾಗಿ ಮಧ್ಯದ ಹಾದಿಯವರು ಎರಡು ಅಂಚುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು. ವಿರೋಧಿ ವಿಚಾರವನ್ನು ಗೌರವಿಸಬೇಕು ಎನ್ನುವಾಗ ವಿಚಾರಗಳು ಎರಡೇ ಎಂಬ ಗ್ರಹಿಕೆ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ಮತದಾನಕ್ಕೆ ಎರಡು ದಿನ ಮುಂಚೆ ಮೂರು ಪ್ರಮುಖ ಬ್ರಿಟಿಷ್ ಪಕ್ಷಗಳ ನಾಯಕರು ಹೆಚ್ಚಿನ ಅಧಿಕಾರ ಕೊಡುವ ವಚನವನ್ನು ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಮತಪತ್ರದಿಂದ ಹೊರಗಿಟ್ಟ ಮೂರನೆಯ ನಿಲುವೇ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು.

ಪ್ರಚಾರದ ಕಾಲದಲ್ಲಿ ಹದಿನಾರು, ಹದಿನೇಳು ವಯಸ್ಸಿನವರಿಗೂ ಮತದಾನದ ಹಕ್ಕು ದೊರೆತಿತ್ತು. ಸ್ವತಂತ್ರ ಸ್ಕಾಟ್ಲೆಂಡ್ ಹೇಗಿರುತ್ತದೆ ಎಂಬುದನ್ನು ವಿವರಿಸುವ ಆರುನೂರಕ್ಕೂ ಹೆಚ್ಚು ಪುಟಗಳ ಶ್ವೇತಪತ್ರವನ್ನು ಅಲ್ಲಿನ ಸರಕಾರ 2013ರ ನವೆಂಬರಿನಲ್ಲಿ ಹೊರತಂದಿತ್ತು. ಅದರಲ್ಲಿ ದುರ್ಬಲ ಭಾಗಗಳಿದ್ದವು, ನಾಣ್ಯದ ವಿಷಯವಂತೂ ಹೆಚ್ಚು ಟೀಕೆಗೆ ಗುರಿಯಾಯಿತು. ಆದರೂ ಖಂಡಿಸಲು ಎದುರಾಳಿಗೆ ಬರವಣಿಗೆಯಲ್ಲಿ ಒಂದು ಪಠ್ಯ ಒದಗಿಸುವುದು ಕೂಡ ಮನ್ನಣೆಯ ಒಂದು ಬಗೆ. ಪ್ರಚಾರ ಎಲ್ಲೆಡೆಯೂ ಸೌಮ್ಯವಾಗಿರಲಿಲ್ಲ. ಪಾನೀಯದ ಖಾಲಿ ಪೆಟ್ಟಿಗೆಗಳ ಮೇಲೆ ನಿಂತು ಊರೂರುಗಳಲ್ಲಿ ಒಕ್ಕೂಟದ ಪರ ಮಾತನಾಡುತ್ತಿದ್ದ ಲೇಬರ್ ಪಕ್ಷದ ಜಿಮ್ ಮರ್ಫಿ ಅವರ ಮೇಲೆ ಮೊಟ್ಟೆ ಎಸೆಯಲಾಯಿತು. ಅವರು ತಮ್ಮ ಪ್ರವಾಸವನ್ನು ಕೆಲವು ದಿನ ನಿಲ್ಲಿಸಿದರು. ಒಕ್ಕೂಟವಾದಿಗಳ ವಾದಕ್ಕೆ ‘ಭೀತಿ ಯೋಜನೆ’ ಎಂಬ ಹೆಸರು ಅಂಟಿತು. ಹೆಸರಿಡುವುದರಲ್ಲಿ ಒಂದು ಅನುಕೂಲವಿದೆ: ಎದುರಾಳಿಯ ಪ್ರಶ್ನೆಯನ್ನು ಭೀತಿ ಎಂದು ಕರೆದ ಮೇಲೆ ಅದಕ್ಕೆ ಉತ್ತರಿಸಬೇಕಾಗಿಲ್ಲ. ಹಾಗೆಂದು, ಪೌಂಡ್ ನಾಣ್ಯವನ್ನು ಹಂಚಿಕೊಳ್ಳುವ ಮಾತೇ ಇಲ್ಲವೆಂದು 2014ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವರು ಸಾರಿದ್ದೂ ವಾದಕ್ಕಿಂತ ಬೆದರಿಕೆಯಾಗಿಯೇ ಅನೇಕರಿಗೆ ಕೇಳಿಸಿತು.

2014ರ ಸೆಪ್ಟೆಂಬರ್ 18ರಂದು ಶೇ. 84.6ರಷ್ಟು ಮತದಾರರು ಮತ ನೀಡಿದರು. ಸ್ವಾತಂತ್ರ್ಯ ಬೇಡ ಎಂದವರು ಶೇ. 55.3, ಬೇಕು ಎಂದವರು ಶೇ. 44.7. ಗ್ಲಾಸ್ಗೊ, ಡಂಡಿ ಸೇರಿದಂತೆ ನಾಲ್ಕು ಆಡಳಿತ ಪ್ರದೇಶಗಳಲ್ಲಿ ಮಾತ್ರ ಬೇಕು ಎಂಬುದಕ್ಕೆ ಬಹುಮತ ಬಂದಿತ್ತು. ಸಾಲ್ಮಂಡ್ ಸೋಲನ್ನು ಒಪ್ಪಿ, ಫಲಿತಾಂಶವನ್ನು ಗೌರವಿಸುವಂತೆ ಬೆಂಬಲಿಗರನ್ನು ಕೇಳಿಕೊಂಡು, ಅದೇ ದಿನ ಅಧಿಕಾರ ಬಿಡುವ ನಿರ್ಧಾರ ತಿಳಿಸಿದರು. ಮೂರು ದಿನಗಳ ಮೇಲೆ, ಸೆಪ್ಟೆಂಬರ್ 21ರ ಭಾನುವಾರ, ಎಡಿನ್‌ಬರೋದ ಸೇಂಟ್ ಜೈಲ್ಸ್ ಕೆಥೆಡ್ರಲ್‌ನಲ್ಲಿ ಸ್ಕಾಟ್ಲೆಂಡಿನ ಚರ್ಚು ಸೌಹಾರ್ದದ ಪ್ರಾರ್ಥನಾಸಭೆ ಏರ್ಪಡಿಸಿತು. ಎರಡೂ ಪಾಳಯಗಳ ರಾಜಕಾರಣಿಗಳು ಅಲ್ಲಿ ಒಟ್ಟಿಗೆ ಕುಳಿತರು. ಆದರೆ ಗೆದ್ದವರ ಮೊದಲ ಮಾತು ಈ ಸ್ವರಕ್ಕೆ ಹೊಂದಲಿಲ್ಲ. 19ರ ಬೆಳಗ್ಗೆಯೇ ಕ್ಯಾಮರನ್ ತಮ್ಮ ನಿವಾಸದ ಎದುರು ನಿಂತು, ಸ್ಕಾಟ್ಲೆಂಡಿಗೆ ಕೊಡುವ ಅಧಿಕಾರದ ಜೊತೆಗೇ ಇಂಗ್ಲೆಂಡಿನ ಕಾನೂನುಗಳಿಗೆ ಇಂಗ್ಲೆಂಡಿನ ಸದಸ್ಯರಷ್ಟೇ ಮತ ನೀಡುವ ಏರ್ಪಾಡಾಗಬೇಕು ಎಂದರು. ಆ ಬೇಡಿಕೆಯಲ್ಲಿ ನ್ಯಾಯವಿತ್ತು. ಅದಕ್ಕೆ ಆರಿಸಿದ ಗಳಿಗೆ ತಪ್ಪಾಗಿತ್ತು. ಸೋತವರಲ್ಲಿ ಅನೇಕರು ‘ನಲವತ್ತೈದು’ ಎಂಬ ಅಂಕಿಯನ್ನೇ ತಮ್ಮ ಗುರುತಾಗಿಸಿಕೊಂಡರು. 2015ರ ಮೇ ತಿಂಗಳ ಚುನಾವಣೆಯಲ್ಲಿ ರಾಷ್ಟ್ರೀಯ ಪಕ್ಷ ಸ್ಕಾಟ್ಲೆಂಡಿನ 59 ಲೋಕಸಭಾ ಸ್ಥಾನಗಳಲ್ಲಿ 56ನ್ನು ಗೆದ್ದಿತು.

ಎರಡು ವರ್ಷಗಳ ಒಳಗೆ ಅದೇ ಬ್ರಿಟನ್ ಇನ್ನೊಂದು ಒಕ್ಕೂಟವನ್ನು ತೊರೆಯುವ ಪ್ರಶ್ನೆಯನ್ನು ಕೇಳಿಕೊಂಡಿತು. ಇಲ್ಲಿಯೂ ಚುನಾವಣಾ ಆಯೋಗ ಪ್ರಶ್ನೆಯನ್ನು ತಿದ್ದಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆ ಎಂದಷ್ಟೇ ಇದ್ದುದನ್ನು, ಉಳಿಯಬೇಕೆ ಅಥವಾ ತೊರೆಯಬೇಕೆ ಎಂದು ಎರಡೂ ಕ್ರಿಯೆಗಳಿಗೆ ಸಮಾನ ಸ್ಥಾನ ಬರುವಂತೆ ಬದಲಾಯಿಸಲಾಯಿತು. ಪ್ರಶ್ನೆಯ ನುಡಿ ನ್ಯಾಯವಾಗಿಯೇ ಇತ್ತು. ಕೊರತೆ ಇದ್ದುದು ಉಳಿದ ಏರ್ಪಾಡುಗಳಲ್ಲಿ. ತೊರೆಯುವುದೆಂದರೆ ಏನು ಎಂಬುದಕ್ಕೆ ಶ್ವೇತಪತ್ರವಿರಲಿಲ್ಲ. ತೊರೆಯಲು ಬಯಸದ ಸರಕಾರವೇ ಜನಮತಗಣನೆ ನಡೆಸುತ್ತಿದ್ದುದರಿಂದ ಅದನ್ನು ಬರೆಯುವ ಹೊಣೆ ಯಾರ ಮೇಲೂ ಇರಲಿಲ್ಲ. ನಾಲ್ಕು ನಾಡುಗಳು ಬೇರೆ ಬೇರೆಯಾಗಿ ಮತ ನೀಡಿದರೆ ಏನು ಮಾಡಬೇಕೆಂಬ ಪೂರ್ವ ಒಪ್ಪಂದವೂ ಇರಲಿಲ್ಲ. ಮತದಾನಕ್ಕೆ ಒಂದು ವಾರ ಮುಂಚೆ, 2016ರ ಜೂನ್ 16ರಂದು, ಉಳಿಯುವ ಪರವಾಗಿದ್ದ ಸಂಸದೆ ಜೋ ಕಾಕ್ಸ್ ಅವರ ಹತ್ಯೆಯಾಯಿತು. ಜನರನ್ನು ಬೇರ್ಪಡಿಸುವ ಸಂಗತಿಗಳಿಗಿಂತ ಒಂದುಗೂಡಿಸುವ ಸಂಗತಿಗಳೇ ಹೆಚ್ಚು ಎಂದು ಹಿಂದಿನ ವರ್ಷ ತಮ್ಮ ಮೊದಲ ಭಾಷಣದಲ್ಲಿ ಹೇಳಿದ್ದವರು ಅವರು. ಎರಡೂ ಪಾಳಯಗಳು ಪ್ರಚಾರವನ್ನು ಕೆಲಕಾಲ ನಿಲ್ಲಿಸಿದವು, ಅನಂತರ ಹಳೆಯ ಸ್ವರದಲ್ಲಿಯೇ ಮುಂದುವರಿಸಿದವು.

ಜೂನ್ 23ರ ಮತದಾನದಲ್ಲಿ ತೊರೆಯಬೇಕೆಂದವರು ಶೇ. 51.9, ಉಳಿಯಬೇಕೆಂದವರು ಶೇ. 48.1. ಇಂಗ್ಲೆಂಡ್ ಮತ್ತು ವೇಲ್ಸ್ ತೊರೆಯುವ ಪರವಾಗಿದ್ದವು, ಸ್ಕಾಟ್ಲೆಂಡಿನಲ್ಲಿ ಶೇ. 62, ಉತ್ತರ ಐರ್ಲೆಂಡಿನಲ್ಲಿ ಶೇ. 55.8ರಷ್ಟು ಜನ ಉಳಿಯಬೇಕೆಂದಿದ್ದರು. ಇಷ್ಟು ಸಣ್ಣ ಅಂತರದ ಫಲಿತಾಂಶ ಕ್ರಮೇಣ ‘ಜನರ ಇಚ್ಛೆ’ ಎಂಬ ಏಕವಚನಕ್ಕೆ ಇಳಿಯಿತು. ಒಂದು ಕೋಟಿ 61 ಲಕ್ಷ ಮತದಾರರು ಆ ‘ಜನ’ರಲ್ಲಿ ಸೇರಿದ್ದಾರೆಯೇ ಎಂಬುದನ್ನು ಆ ಪದಪುಂಜ ಹೇಳುವುದಿಲ್ಲ, ಪಾರಿಜೊ ಅವರ ‘ನಾವು’ ಮಾಡಿದ ಕೆಲಸವನ್ನೇ ಅದೂ ಮಾಡಿತು. ಒಕ್ಕೂಟ ತೊರೆಯುವ ವಿಧಿಯನ್ನು ಆರಂಭಿಸಲು ಸಂಸತ್ತಿನ ಒಪ್ಪಿಗೆ ಬೇಕೆಂದು 2016ರ ನವೆಂಬರ್ 3ರಂದು ಉಚ್ಚ ನ್ಯಾಯಾಲಯ ತೀರ್ಪಿತ್ತಾಗ, ಮರುದಿನದ ‘ಡೈಲಿ ಮೇಲ್’ ಪತ್ರಿಕೆ ಮೂವರು ನ್ಯಾಯಾಧೀಶರ ಚಿತ್ರಗಳನ್ನು ಮುಖಪುಟದಲ್ಲಿ ಅಚ್ಚುಮಾಡಿ ಅವರನ್ನು ಜನಶತ್ರುಗಳೆಂದು ಕರೆಯಿತು. ಇನ್ನೊಂದು ಕಡೆಯ ನಡವಳಿಕೆಯೂ ಮೇಲ್ಮಟ್ಟದ್ದೇನಲ್ಲ. ತೊರೆಯುವ ಪರವಾಗಿ ಮತ ನೀಡಿದವರನ್ನು ಅಜ್ಞಾನಿಗಳೆಂದು, ವಲಸಿಗದ್ವೇಷಿಗಳೆಂದು ಒಂದೇ ಗಂಟಿನಲ್ಲಿ ಕಟ್ಟಿಹಾಕುವ ಬರಹಗಳು ಬಂದವು. ಕಾರ್ಖಾನೆಗಳು ಮುಚ್ಚಿಹೋದ ಉತ್ತರ ಇಂಗ್ಲೆಂಡಿನ ಪಟ್ಟಣಗಳ ಜನ ಯಾವ ಕಾರಣಕ್ಕೆ ಹಾಗೆ ಮಾಡಿದರೆಂದು ಕೇಳುವ ವ್ಯವಧಾನ ಅಂತಹ ಬರಹಗಳಲ್ಲಿರಲಿಲ್ಲ. ಮಧ್ಯದ ಹಾದಿಯನ್ನು ಹುಡುಕುವ ಪ್ರಯತ್ನ ಸಂಸತ್ತಿನಲ್ಲಿ ನಡೆದದ್ದು ತೀರ ತಡವಾಗಿ: 2019ರ ಮಾರ್ಚ್ 27ರಂದು ಎಂಟು ಪರ್ಯಾಯಗಳನ್ನು ಮತಕ್ಕೆ ಹಾಕಿದಾಗ ಒಂದಕ್ಕೂ ಬಹುಮತ ಬರಲಿಲ್ಲ. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು.

ಪರವಿಚಾರಕ್ಕೆ ಮನ್ನಣೆ ಕೊಡಿ ಎಂಬ ಕರೆ ಯಾವಾಗಲೂ ನಿರಪೇಕ್ಷವಾಗಿರುವುದಿಲ್ಲ ಎಂಬ ಆಕ್ಷೇಪವೊಂದಿದೆ. ಇರುವ ವ್ಯವಸ್ಥೆಯಿಂದ ಲಾಭ ಪಡೆಯುತ್ತಿರುವವನಿಗೆ ಶಾಂತವಾಗಿ ಮಾತನಾಡುವುದು ಸುಲಭ. ಬದಲಾವಣೆ ಕೇಳುವವನ ಏರುದನಿಯನ್ನೇ ಅಪರಾಧವಾಗಿ ತೋರಿಸಿ ಅವನ ಮಾತನ್ನು ತಳ್ಳಿಹಾಕಬಹುದು. ಈ ಆಕ್ಷೇಪದಲ್ಲಿ ಸತ್ಯವಿದೆ. ಅದರಿಂದಲೇ ಮನ್ನಣೆಯನ್ನು ದನಿಯ ಏರಿಳಿತದಲ್ಲಿ ಅಳೆಯದೆ, ಪ್ರಶ್ನೆಯನ್ನು ಯಾರು ಬರೆದರು, ನಿಯಮಗಳನ್ನು ಯಾರು ಒಪ್ಪಿದರು, ಗೆಲುವಿನ ಮರುದಿನ ಯಾರೊಡನೆ ಮಾತುಕತೆ ನಡೆಯಿತು ಎಂಬುದರಲ್ಲಿ ಅಳೆಯಬೇಕಾಗುತ್ತದೆ.

2016ರ ಫಲಿತಾಂಶ ಸ್ಕಾಟ್ಲೆಂಡಿನ ಹಳೆಯ ಒಪ್ಪಂದದ ಅರ್ಥವನ್ನೇ ವಿವಾದಕ್ಕೆ ತಂದಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲಿ ಉಳಿಯಿರಿ ಎಂಬುದು 2014ರಲ್ಲಿ ಒಕ್ಕೂಟವಾದಿಗಳ ಒಂದು ವಾದವಾಗಿತ್ತು. ಆ ಆಧಾರ ಕುಸಿದ ಮೇಲೆ ಮತ್ತೆ ಜನರನ್ನು ಕೇಳುವುದೇ ಅವರ ಅಭಿಪ್ರಾಯಕ್ಕೆ ಸಲ್ಲಿಸುವ ಗೌರವವೆಂದು ಸ್ವಾತಂತ್ರ್ಯವಾದಿಗಳು ಹೇಳಿದರು. ಒಂದು ತಲೆಮಾರಿಗೆ ಒಮ್ಮೆ ಎಂದು ಸಾಲ್ಮಂಡ್ ಅವರೇ ಹೇಳಿದ್ದನ್ನು ನೆನಪಿಸಿ, 55 ಪ್ರತಿಶತದ ತೀರ್ಮಾನಕ್ಕೆ ಬದ್ಧರಾಗಿರುವುದೇ ಗೌರವವೆಂದು ಒಕ್ಕೂಟವಾದಿಗಳು ಉತ್ತರಿಸಿದರು. ಒಂದೇ ಪದವನ್ನು ಎರಡು ಪಕ್ಷಗಳೂ ತಮ್ಮದೆಂದವು. ಲಂಡನ್ನಿನ ಸಮ್ಮತಿಯಿಲ್ಲದೆ ಎರಡನೆಯ ಜನಮತಗಣನೆಗೆ ಕಾನೂನು ಮಾಡುವ ಅಧಿಕಾರ ಸ್ಕಾಟಿಷ್ ಸಂಸತ್ತಿಗೆ ಇಲ್ಲವೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರ ನವೆಂಬರ್ 23ರಂದು ಸರ್ವಾನುಮತದಿಂದ ತೀರ್ಪಿತ್ತಿತು. ಸ್ವಯಂನಿರ್ಣಯದ ಹಕ್ಕಿನ ವಾದವನ್ನು ತಳ್ಳಿಹಾಕುವಾಗ ಅದು ಕ್ವಿಬೆಕ್ ಕುರಿತ 1998ರ ಅಭಿಪ್ರಾಯವನ್ನು ಆಧಾರವಾಗಿ ಬಳಸಿಕೊಂಡಿತು. ಬಳಕೆಯಾದದ್ದು ಆ ಅಭಿಪ್ರಾಯದ ಮೊದಲ ಭಾಗ. ಸಂಧಾನಕ್ಕೆ ಕೂರಲೇಬೇಕೆಂಬ ಎರಡನೆಯ ಭಾಗ ಆ ಮೊಕದ್ದಮೆಯಲ್ಲಿ ನಿರ್ಣಯಕ್ಕೆ ಬಂದ ಪ್ರಶ್ನೆಯಾಗಿರಲಿಲ್ಲ.